ದಾರ ನೆಟ್ಟಗೆ ಬೀಳುವ ಕ್ಯಾಮೆರಾ

ಹೋದ ತಿಂಗಳು ಕಲಂಗುಟ್‌ನ ನಮ್ಮ ಹಳೆಯ ಅಂಗಡಿಯಿಂದ ಫೋನ್ ಬಂತು. ಮಾತಾಡಿದವಳು ಸುಜಾತಾ. ನಾನು ನಿವೃತ್ತಳಾಗಿ ಬಿಟ್ಟುಬಂದ ಕ್ಯಾಮೆರಾ ಕೌಂಟರಿಗೆ ಹೊಸದಾಗಿ ಸೇರಿದವಳು, ನಮ್ಮ ಕಡೆಯವಳೇ.

"ಅಕ್ಕಾರ, ಕಾಲೇಜಿನ ಹುಡುಗ್ಯಾರು ಬಂದು ಸಣ್ಣ ಡಿಜಿಟಲ್ ಕ್ಯಾಮೆರಾ ಕೇಳಾಕತ್ತಾರ್ರಿ. ಫೋನಿಂದು ಬ್ಯಾಡಂತ, ನಮ್ಮವ್ವನ ಕಾಲದಾಗ ಇರ್ತಿತ್ತಲ್ಲ, ಅಂಥಾದ್ದ ಬೇಕಂತ. ಅಗ್ಗನೂ ಇರಬೇಕು, ಚಲೋನೂ ಇರಬೇಕು. ನಾ ಯಾವುದು ಕೊಡ್ಲಿ?"

ನನಗೆ ಎಷ್ಟು ಖುಷಿಯಾಯಿತೆಂದರೆ ಒಲೆಯ ಮೇಲೆ ಹಾಲಿಟ್ಟದ್ದು ಮರೆತೇಹೋಯಿತು. ಫೋನುಗಳು ಬಂದವು, ಇನ್ನು ಈ ಅಂಗೈಯಗಲದ ಕ್ಯಾಮೆರಾಗಳ ಕಥೆ ಮುಗಿಯಿತು ಎಂದು ಕಂಪನಿಯವರು, ಗಿರಾಕಿಗಳು, ಕೊನೆಗೆ ನಮ್ಮ ಮಾಲೀಕರೂ ಕೈ ತೊಳೆದುಕೊಂಡಿದ್ದರು. ನಾನೊಬ್ಬಳು ಮಾತ್ರ ತೊಳೆದುಕೊಂಡಿರಲಿಲ್ಲ. ಹಾಲು ಉಕ್ಕಿ ಹರಿಯುತ್ತಿದ್ದರೂ ನಾನು ನಗುತ್ತಲೇ ಇದ್ದೆ.

"ಯಾವುದು ಕೊಡ್ಲಿ ಅಂತ ನನ್ನ ಕೇಳಬ್ಯಾಡ. ನೀವು ಎಲ್ಲಿ ನಿಂತು ಫೋಟೋ ತಗೀತೀರಿ ಅಂತ ಅವರನ್ನ ಕೇಳು," ಎಂದೆ.

"ಅಷ್ಟ ಏನ್ರಿ?"

"ಅಷ್ಟ ಅಲ್ಲ. ಉಳಿದದ್ದು ಫೋನಿನಾಗ ಹೇಳಾಕ ಆಗೂದಿಲ್ಲ. ಬರದು ಕೊಡ್ತೀನಿ."

ಹಾಗೆ ಬರೆದದ್ದು ಇದು. ಸುಜಾತಾಳಿಗೆ, ಮತ್ತು ಅವಳ ಹಾಗೆ ಕೌಂಟರಿನ ಹಿಂದೆ ನಿಲ್ಲಲು ಹೊರಟ ಉಳಿದವರಿಗೆ. ನನ್ನ ಸಂಬಳ ಯಾವಾಗ ಏರಿತು, ಕೌಂಟರಿನ ಮುಖ್ಯಸ್ಥೆ ಎಂದು ಯಾವಾಗ ಮಾಡಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಓದಿದರೆ ಯಾರಿಗೂ ಒಂದು ಒಳ್ಳೆಯ ಫೋಟೋ ಬರುವುದಿಲ್ಲ.

ನನ್ನ ಹೆಸರು ಮಹಾದೇವಿ. ಅಪ್ಪ ಕನ್ನಡ ಸೀಮೆಯಿಂದ ದುಡಿಯಲು ಬಂದು ವಾಸ್ಕೋ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ನಾನು ಬೆಳೆದದ್ದು ಸಾಂಕೋಲೆಯ ಸಾಲುಕೋಣೆಗಳಲ್ಲಿ. ಮದುವೆಯಾದ ಮೇಲೆ ಕಲಂಗುಟ್‌ಗೆ ಬಂದೆ. ಗಂಡ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು, ನಾನು ಕಡಲದಂಡೆಗೆ ಹೋಗುವ ರಸ್ತೆಯ ಫೋಟೋ ಅಂಗಡಿಗೆ ಸೇರಿದೆ. ಆಗಿನ್ನೂ ರೀಲುಗಳ ಕಾಲ. ಪ್ರವಾಸಿಗರು ಬೆಳಗ್ಗೆ ರೀಲು ಕೊಟ್ಟು ಸಂಜೆ ಪ್ರಿಂಟ್ ಒಯ್ಯುತ್ತಿದ್ದರು. ಕಣ್ಣು ಮುಚ್ಚಿದವರು, ತಲೆ ಕತ್ತರಿಸಿಹೋದವರು, ಬೆರಳು ಅಡ್ಡ ಬಂದವರು ಎಲ್ಲರನ್ನೂ ನೋಡಿ ನೋಡಿ, ಜನ ಎಲ್ಲಿ ತಪ್ಪುತ್ತಾರೆ ಎಂಬುದು ನನಗೆ ಕ್ಯಾಮೆರಾ ಮುಟ್ಟುವ ಮೊದಲೇ ತಿಳಿದಿತ್ತು.

ಮಾಲೀಕರು ಕಾಯ್ತಾನ ಬಾಬ. ಒಳ್ಳೆಯ ಮನುಷ್ಯ, ಆದರೆ ಹಟ ಹಿಡಿದರೆ ಬಿಡುವವರಲ್ಲ. ಡಿಜಿಟಲ್ ಕ್ಯಾಮೆರಾ ಬಂದಾಗ ಅವರಿಗೆ ಹಿಡಿದದ್ದು ಝೂಮಿನ ಹುಚ್ಚು. ಅಂಗಡಿಯ ಎದುರು ಒಂದು ತೆಂಗಿನ ಮರ, ಅದರಲ್ಲಿ ಯಾವಾಗಲೂ ಒಂದು ಕಾಗೆ. ಗಿರಾಕಿ ಬಂದ ಕೂಡಲೇ ಬಾಬ ಅವನನ್ನು ಬಾಗಿಲಿಗೆ ಕರೆದೊಯ್ದು, ಝೂಮ್ ಎಳೆದು, ಕಾಗೆಯ ಕೊಕ್ಕು ತೋರಿಸುತ್ತಿದ್ದರು. ಗಿರಾಕಿ ಬೆರಗಾಗಿ ಅದೇ ಕ್ಯಾಮೆರಾ ಒಯ್ಯುತ್ತಿದ್ದ. ಒಂದು ವಾರಕ್ಕೆ ಪ್ರಿಂಟ್ ಹಾಕಿಸಲು ಬಂದರೆ ಅವನ ಮನೆಯವರ ಮೂಗು ಇದೆ, ಕಿವಿ ಇಲ್ಲ. ಸಣ್ಣ ಕೋಣೆಯಲ್ಲಿ ನಿಂತು ಝೂಮ್ ಎಳೆದು ತೆಗೆದರೆ ಇನ್ನೇನು ಬಂದೀತು? ಕಾಗೆ ಯಾರಿಗೂ ಬೇಕಿರಲಿಲ್ಲ ಎಂದು ಬಾಬನಿಗೆ ಹೇಳುವ ಧೈರ್ಯ ನನಗೆ ಬರಲು ಬಹಳ ಕಾಲ ಹಿಡಿಯಿತು.

ನಮ್ಮ ಜನರ ರೀತಿ ಬೇರೆ. ಅವರು ಕ್ಯಾಮೆರಾವನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು. ಭಾರ ಇದ್ದರೆ ಚಲೋ ಮಾಲು, ಹಗುರ ಇದ್ದರೆ ಆಟಿಕೆ ಸಾಮಾನು. ಕಡಲದಂಡೆಯಲ್ಲಿ ಮಣಿಸರ ಮಾರುವ ಶಾಂತವ್ವ ಬಂದಾಗಲೂ ಹಾಗೇ ಆಯಿತು. ದಿನಾ ಪ್ರವಾಸಿಗರು ತನ್ನ ಫೋಟೋ ತೆಗೆದುಕೊಂಡು ಸರ ಕೊಳ್ಳದೆ ಹೋಗುತ್ತಾರೆ, ಇನ್ನು ತಾನೂ ಅವರದ್ದು ತೆಗೆಯುವವಳೇ ಎಂದು ಹಟ ತೊಟ್ಟು ಬಂದಿದ್ದಳು. ಇದ್ದವುಗಳಲ್ಲಿ ಭಾರವಾದದ್ದನ್ನೇ ಎತ್ತಿ ಎದೆಗವಚಿಕೊಂಡಳು.

"ಇದಕ್ಕ ಚಾರ್ಜ್ ಹಾಕಬೇಕು. ನಿನ್ನ ಕೋಣ್ಯಾಗ ಪ್ಲಗ್ ಐತೇನು?" ಎಂದೆ.

"ಒಂದ ಐತಿ. ಅದಕ್ಕ ಇಡೀ ಸಾಲಿನ ಫೋನ್ ಜೋತಬಿದ್ದಿರ್ತಾವ."

ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವ ಹಗುರ ಕ್ಯಾಮೆರಾ ಕೊಟ್ಟೆ. ಸೆಲ್ಲು ಯಾವ ಗೂಡಂಗಡಿಯಲ್ಲಾದರೂ ಸಿಗುತ್ತದಲ್ಲ. ಮರುದಿನ ಅವಳು ಸಿಟ್ಟಿನಿಂದ ಉರಿಯುತ್ತ ಬಂದಳು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಹಾಕಿದ್ದಳು, ಅದು ಎರಡು ಫೋಟೋ ತೆಗೆದು ಪ್ರಾಣ ಬಿಟ್ಟಿತ್ತು. ಒಳ್ಳೆಯ ಸೆಲ್ಲು ಹಾಕಿಕೊಟ್ಟು ಸಮಾಧಾನ ಮಾಡುವಷ್ಟರಲ್ಲಿ ಲೆನ್ಸಿನಲ್ಲಿ ಮರಳು ಕರಕರ ಎಂದಿತು. ಹೊರಗೆ ಚಾಚಿಕೊಳ್ಳುವ ಲೆನ್ಸಿಗೆ ದಂಡೆಯ ಮರಳಿನಷ್ಟು ದೊಡ್ಡ ವೈರಿ ಇಲ್ಲ. "ಇದಕ್ಕೊಂದು ಚೀಲ ಹೊಲಿ, ಅದರಾಗ ಇಟಗೊಂಡು ತಿರುಗು," ಎಂದೆ. ಶಾಂತವ್ವ ಕನ್ನಡಿ ಚೂರು ಕೂರಿಸಿ, ಕಸೂತಿ ಹಾಕಿ ಚೀಲ ಹೊಲಿದಳು. ಆ ಚೀಲ ಕಂಡ ಪ್ರವಾಸಿಗರು ಸರ ಬಿಟ್ಟು ಚೀಲಕ್ಕೆ ಮುಗಿಬಿದ್ದರು. ಆ ಹಂಗಾಮಿನ ಕೊನೆಗೆ ಅವಳ ಚೀಲಗಳು ನಮ್ಮ ಕೌಂಟರಿನ ಮೇಲೂ ತೂಗಾಡುತ್ತಿದ್ದವು, ಅವಳು ಅಂಗಡಿಗೆ ಬಂದರೆ ಬಾಬ ಸ್ಟೂಲು ಕೊಡುತ್ತಿದ್ದರು.

ಇನ್ನೊಂದು ನನ್ನದೇ ಪರೀಕ್ಷೆ. ಗುಂಡಿ ಒತ್ತಿದ ಮೇಲೆ ಫೋಟೋ ಬೀಳಲು ಅಗ್ಗದ ಕ್ಯಾಮೆರಾಗಳು ತಡ ಮಾಡುತ್ತವೆ. ಹೊಸ ಜೋಡಿ ಅಲೆಯ ಮುಂದೆ ಜಿಗಿಯುತ್ತದೆ, ಫೋಟೋದಲ್ಲಿ ಬರೀ ಅಲೆ ಇರುತ್ತದೆ. ಅಂಗಡಿಯ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದಾಗ ಗುಂಡಿ ಒತ್ತಿ, ಫೋಟೋದಲ್ಲಿ ಮುಳ್ಳು ಎಲ್ಲಿದೆ ನೋಡಿ. ಎಷ್ಟು ಮುಂದೆ ಹೋಗಿದೆಯೋ ಅಷ್ಟು ಆ ಕ್ಯಾಮೆರಾ ಸೋಮಾರಿ. ಡಬ್ಬಿಯ ಮೇಲಿನ ಯಾವ ದೊಡ್ಡ ಅಂಕಿಯೂ ಇದನ್ನು ಹೇಳುವುದಿಲ್ಲ.

ಇವೆಲ್ಲ ಚಿಲ್ಲರೆ ಪಾಠಗಳು. ನನಗೆ ನನ್ನ ಕೆಲಸ ನಿಜವಾಗಿ ಕಲಿಸಿದವರು ಹಣಮಪ್ಪ ಮತ್ತು ಅವನ ಹೆಂಡತಿ ಯಲ್ಲವ್ವ.

ಅಂಗಡಿಯ ಹಿಂದೆ ಫ್ಲ್ಯಾಟುಗಳ ಕಟ್ಟಡ ಏಳುತ್ತಿತ್ತು. ಅಲ್ಲಿ ಟೈಲ್ಸ್ ಕೊರೆಯುವ ಧೂಳೆಲ್ಲ ನಮ್ಮ ಗಾಜಿನ ಮೇಲೆ ಕೂರುತ್ತಿತ್ತು, ನಾನು ದಿನಾ ಬಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಆ ಧೂಳೇ ಎದ್ದು ಬಂದಂತೆ, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ ಒಬ್ಬ ಆಳು ಬಾಗಿಲಲ್ಲಿ ನಿಂತ. ಅವನೇ ಹಣಮಪ್ಪ, ಆ ಕಟ್ಟಡದ ಟೈಲ್ಸ್ ಗೌಂಡಿ. ಹಿಂದೆ ಯಲ್ಲವ್ವ, ಅವನು ಕೂರಿಸಿದ ಟೈಲ್ಸಿನ ಸಂದಿಗಳಿಗೆ ಬಿಳಿ ಸಿಮೆಂಟು ತುಂಬುವವಳು. ಹಣಮಪ್ಪ ಒಳಗೆ ಬರದೆ ನಮ್ಮ ನೆಲವನ್ನೇ ನೋಡುತ್ತಿದ್ದ. ಸಂಕೋಚ ಇರಬೇಕು ಅಂದುಕೊಂಡೆ.

"ಅಕ್ಕಾರ, ಒಂದು ಕ್ಯಾಮೆರಾ ಬೇಕಾಗೇತ್ರಿ. ಅಗ್ಗಂದು."

"ಎಲ್ಲಿ ನಿಂತು ಫೋಟೋ ತಗೀತೀ?"

"ಬಚ್ಚಲದಾಗ್ರಿ."

ನಾನು ಅವನ ಮುಖ ನೋಡಿದೆ. ಯಲ್ಲವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಆಮೇಲೆ ಅವಳೇ ಬಿಡಿಸಿ ಹೇಳಿದಳು.

ಹಣಮಪ್ಪ ವರ್ಷಗಟ್ಟಲೆ ಒಬ್ಬ ಗುತ್ತೇದಾರನ ಕೈಕೆಳಗೆ ದಿನಗೂಲಿಗೆ ನೆಲ ಹಾಕುತ್ತಿದ್ದ. ಒಂದು ಕಟ್ಟಡ ಮುಗಿದರೆ ಮುಂದಿನ ಕಟ್ಟಡ, ಒಂದು ತಗಡಿನ ಶೆಡ್ಡು ಬಿಟ್ಟರೆ ಮುಂದಿನ ಶೆಡ್ಡು. ಗುತ್ತೇದಾರ ಹೊಸ ಗಿರಾಕಿಗಳನ್ನು ಕಾರಿನಲ್ಲಿ ಕರೆದುಕೊಂಡು ಬಂದು, ಹಣಮಪ್ಪ ಹಾಕಿದ ನೆಲವನ್ನು ತನ್ನದೆಂದು ತೋರಿಸುತ್ತಿದ್ದ. ಈಗ ಪಕ್ಕದ ಊರು ಸಾಳಗಾಂವ್‌ನಲ್ಲಿ ಕಾರ್ಮೆಲಿನ್ ಬಾಯಿ ಎಂಬ ನಿವೃತ್ತ ಶಿಕ್ಷಕಿ ತಮ್ಮ ಹಳೆಯ ಮನೆಯನ್ನು ಅತಿಥಿಗೃಹ ಮಾಡುತ್ತಿದ್ದರು. ಇಡೀ ಮನೆಯ ನೆಲ ಹೊಸದಾಗಿ ಆಗಬೇಕು. ಭಾನುವಾರ ಬಂದು ತಮ್ಮ ಕೆಲಸ ತೋರಿಸಿದವರಲ್ಲಿ ಒಬ್ಬರಿಗೆ ಕೊಡುತ್ತೇನೆ ಎಂದಿದ್ದರಂತೆ. ಆ ಮನೆ ಸಿಕ್ಕರೆ ಹಣಮಪ್ಪ ತನ್ನ ಹೆಸರಿನಲ್ಲಿ ಕೆಲಸ ಹಿಡಿದಂತೆ. ಇಲ್ಲದಿದ್ದರೆ ಮತ್ತೆ ಗುತ್ತೇದಾರ, ಮತ್ತೆ ಶೆಡ್ಡು.

"ತೋರಸಾಕ ಎಲ್ಲಿ ಕರಕೊಂಡು ಹೋಗ್ಲಿರಿ?" ಎಂದ ಹಣಮಪ್ಪ. "ಮಂದಿ ಬಂದು ಇರಾಕ ಸುರು ಮಾಡಿದ ಮ್ಯಾಲ ನಮ್ಮನ್ನ ಯಾರು ಒಳಗ ಬಿಡ್ತಾರ? ಈ ಫ್ಲ್ಯಾಟಿಗೂ ಇದ ವಾರ ಕೀಲಿ ಬೀಳ್ತೈತಿ. ಕೀಲಿ ಬಿತ್ತಂದ್ರ ನನ್ನ ಕೆಲಸ ನನಗ ನೋಡಾಕ ಸಿಗೂದಿಲ್ಲ."

ಅದನ್ನು ಕೇಳಿ ನನಗೆ ಸಿಟ್ಟು ಬಂತು. ಅಷ್ಟು ವರ್ಷ ಹಾಕಿದ ನೆಲದ ಮೇಲೆ ಒಂದು ಸಲ ನಿಂತು 'ಇದು ನನ್ನದು' ಎನ್ನಲಾಗದಿದ್ದರೆ ಅದೆಂಥ ದುಡಿಮೆ? ಇವನಿಗೆ ಸರಿಯಾದ ಕ್ಯಾಮೆರಾ ಕೊಡದೆ ಬಿಡುವುದಿಲ್ಲ ಎಂದು ಆ ಗಳಿಗೆಯಲ್ಲೇ ಗಟ್ಟಿಮಾಡಿಕೊಂಡೆ. ಆಗಿನ ಫೋನುಗಳಲ್ಲಿ ಮುಖವೇ ನೆಟ್ಟಗೆ ಕಾಣುತ್ತಿರಲಿಲ್ಲ, ನೆಲದ ಮಾತು ದೂರ ಉಳಿಯಿತು.

ಅಷ್ಟರಲ್ಲಿ ಕಾಯ್ತಾನ ಬಾಬ ಹಣಮಪ್ಪನನ್ನು ಬಾಗಿಲಿಗೆ ಎಳೆದೊಯ್ದು ಕಾಗೆ ತೋರಿಸಿದ್ದರು. ಅವನು ಮರ್ಯಾದೆಯಿಂದ ನೋಡಿದ.

"ಕಾಗಿ ಚಲೋ ಬಂದೈತ್ರಿ ಬಾಬ. ಆದ್ರ ನಮ್ಮ ಬಚ್ಚಲದಾಗ ಕಾಗಿ ಇಲ್ರಿ."

ಬಾಬ ಮುಖ ಗಂಟು ಹಾಕಿಕೊಂಡು ಹೋಗಿ ಕುರ್ಚಿಯಲ್ಲಿ ಕುಳಿತರು. ನಾನು ಲೆಕ್ಕ ಹಾಕಿದೆ. ಬಚ್ಚಲಲ್ಲಿ ಹಿಂದೆ ಸರಿಯಲು ಜಾಗವಿಲ್ಲ, ಆದ್ದರಿಂದ ಅಗಲವಾಗಿ ನೋಡುವ ಲೆನ್ಸು ಬೇಕು. ಹೊಳೆಯುವ ಟೈಲ್ಸಿನ ಮೇಲೆ ಫ್ಲ್ಯಾಶ್ ಬಿದ್ದರೆ ನಡುವೆ ಬಿಳಿ ಕಲೆ, ಆದ್ದರಿಂದ ಫ್ಲ್ಯಾಶ್ ಆರಿಸಿಟ್ಟರೆ ಆರಿಯೇ ಇರಬೇಕು. ಫ್ಲ್ಯಾಟುಗಳಿಗೆ ಇನ್ನೂ ಕರೆಂಟಿಲ್ಲ, ಕಿಟಕಿಯ ಬೆಳಕೇ ಗತಿ. ಕೈ ನಡುಗದಂತೆ ಎಲ್ಲಾದರೂ ಇಟ್ಟು, ತಾನೇ ಒತ್ತಿಕೊಳ್ಳುವ ಟೈಮರ್ ಹಾಕಬೇಕು. ಇಷ್ಟೂ ಇರುವ ಅಗ್ಗದ ಕ್ಯಾಮೆರಾ ಒಂದನ್ನು ಹಿಡಿದು ಊಟದ ಹೊತ್ತಿನಲ್ಲಿ ಅವರ ಜೊತೆ ಕಟ್ಟಡಕ್ಕೆ ಹೋದೆ.

ಬಚ್ಚಲ ಬಾಗಿಲಲ್ಲಿ ಕುಳಿತು ಫೋಟೋ ತೆಗೆದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಇಡೀ ನೆಲ ಪರದೆಯ ಮೇಲೆ ಬಂತು. ನಾನು ಬೀಗುತ್ತ ಹಣಮಪ್ಪನ ಕೈಗೆ ಕೊಟ್ಟೆ. ಅವನು ನೋಡಿದ, ನೆಲ ನೋಡಿದ, ಮತ್ತೆ ಪರದೆ ನೋಡಿದ. ಅವನ ಮುಖ ಸಣ್ಣದಾಯಿತು.

"ಇದು ನನ್ನ ಕೆಲಸ ಅಲ್ರಿ ಅಕ್ಕಾರ. ಗೆರಿ ಬಾಗ್ಯಾವ."

ಬಾಗಿದ್ದವು. ಟೈಲ್ಸಿನ ಸಂದಿಯ ಗೆರೆಗಳು ಅಂಚಿಗೆ ಬಂದಂತೆ ಹೊಟ್ಟೆ ಉಬ್ಬಿಸಿಕೊಂಡಿದ್ದವು. ಅಗಲ ಲೆನ್ಸಿನ ಅಗ್ಗದ ಕ್ಯಾಮೆರಾಗಳ ಹುಟ್ಟುಗುಣ ಅದು. ಹುಟ್ಟುಹಬ್ಬದ ಫೋಟೋದಲ್ಲಿ ಅದನ್ನು ಯಾರೂ ನೋಡುವುದಿಲ್ಲ, ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ. ಗೌಂಡಿಗೆ ಮಾತ್ರ ಗೆರೆಯೇ ಎಲ್ಲ. ನೆಲ ನೆಟ್ಟಗಿದ್ದೂ ಫೋಟೋದಲ್ಲಿ ಸೊಟ್ಟ ಕಂಡರೆ ಅವನ ಕೆಲಸ ಹೋದಂತೆಯೇ.

ಹಣಮಪ್ಪ ಸೊಂಟದಿಂದ ನೀಲಿ ದಾರದ ಉಂಡೆ ತೆಗೆದ. ಟೈಲ್ಸ್ ಕೂರಿಸುವಾಗ ನೇರಕ್ಕೆಂದು ಗೌಂಡಿಗಳು ಎಳೆದು ಕಟ್ಟುವ ದಾರ. "ಅಂಗಡ್ಯಾಗಿನ ಎಲ್ಲಾ ಕ್ಯಾಮೆರಾಕ್ಕೂ ಈ ದಾರ ತೋರಸೂಣ್ರಿ. ಯಾವುದರಾಗ ಇದು ನೆಟ್ಟಗ ಬೀಳ್ತೈತೋ ಅದನ್ನ ತಗೋತೇನಿ," ಎಂದ.

ಅಂಗಡಿಗೆ ಮರಳಿ ದಾರದ ಒಂದು ತುದಿಯನ್ನು ಬಾಗಿಲ ಕೆಳಗೆ ಸಿಕ್ಕಿಸಿದೆವು. ಇನ್ನೊಂದು ತುದಿಯನ್ನು, ಕಾಯ್ತಾನ ಬಾಬ ಕುಳಿತಿದ್ದಾಗಲೇ, ಅವರ ಕುರ್ಚಿಯ ಕಾಲಿಗೆ ಕಟ್ಟಿದೆವು. ದಾರವನ್ನು ಚೌಕಟ್ಟಿನ ಅಂಚಿಗೆ ಬರುವಂತೆ ಇಟ್ಟು ಒಂದೊಂದೇ ಕ್ಯಾಮೆರಾದಲ್ಲಿ ತೆಗೆಯತೊಡಗಿದೆ. ಬಂದ ಗಿರಾಕಿಗಳು ದಾರ ದಾಟಿಕೊಂಡು ಓಡಾಡುತ್ತಿದ್ದರು. ಎಲ್ಲದರಲ್ಲೂ ದಾರ ಬಾಗಿತು. ಸ್ವಲ್ಪ ಬಾಗುವುದು, ಬಹಳ ಬಾಗುವುದು, ಅಷ್ಟೇ ವ್ಯತ್ಯಾಸ. ನನಗೆ ಅಳು ಬರುವಂತಾಯಿತು.

ಕಾಯ್ತಾನ ಬಾಬನಿಗೆ ತಡೆಯಲಾಗಲಿಲ್ಲ. ಕುರ್ಚಿ ಬಿಟ್ಟು ಇಳಿದು, ಮೊಣಕಾಲೂರಿ ನನ್ನ ಪಕ್ಕ ಕುಳಿತರು. "ಮಾದೇವಿ, ಪೂರ್ತಿ ಅಗಲ ಇಟ್ಟು ಯಾಕೆ ತೆಗೆಯುತ್ತೀ? ಒಂದು ಚೂರು ಝೂಮ್ ಎಳೆ," ಎಂದರು ಕೊಂಕಣಿಯಲ್ಲಿ.

ಒಂದು ಚೂರು ಎಳೆದೆ. ದಾರ ಚೂರು ನೆಟ್ಟಗಾಯಿತು. ಇನ್ನೊಂದು ಚೂರು ಎಳೆದೆ. ಪರದೆಯ ಅಂಚಿಗುಂಟ ದಾರ ಎಳೆದು ಕಟ್ಟಿದಂತೆ ನಿಂತಿತು. ಬಾಬ ಮುದುಕರಾಗಿದ್ದರೂ ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟು, ಇಷ್ಟು ವರ್ಷ ತಾನು ಹೇಳುತ್ತಿದ್ದುದು ಇದನ್ನೇ ಎಂಬಂತೆ ಸುತ್ತ ನೋಡಿದರು. ಕಾಗೆ ತೋರಿಸುತ್ತಿದ್ದ ಝೂಮ್ ಕೊನೆಗೂ ಬಚ್ಚಲ ಕೆಲಸಕ್ಕೆ ಬಂತು ಎಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಅವರ ಖುಷಿ ನೋಡಿ ನನಗೂ ಖುಷಿಯಾಗಿತ್ತು.

ಝೂಮ್ ಎಳೆದರೆ ನೋಟದ ಅಗಲ ಕಡಿಮೆಯಾಗುತ್ತದೆ, ಬಚ್ಚಲಿಗೆ ಮತ್ತೆ ಸಾಲದು. ಆದ್ದರಿಂದ ಬಹಳ ಎಳೆಯದೆಯೇ ದಾರ ನೆಟ್ಟಗಾಗುವ ಕ್ಯಾಮೆರಾ ಬೇಕು. ಅದು ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ. ಹಗುರ, ಸಾಬೂನಿನ ಡಬ್ಬಿಯಂಥದ್ದು. ಅಂಗೈಯಲ್ಲಿ ತೂಗಿ ನೋಡಿದವರೆಲ್ಲ ಕೆಳಗಿಟ್ಟು ಹೋಗಿದ್ದರು. ಇದ್ದುದರಲ್ಲಿ ಅಗ್ಗದ್ದೂ ಅದೇ ಆಗಿತ್ತು. ಹಣಮಪ್ಪ ತನ್ನ ದಾರ ಸುತ್ತಿಕೊಳ್ಳುತ್ತ ನಮ್ಮ ನೆಲದ ಮೇಲೆ ಒಂದು ಕಡೆ ಬೆರಳಿಟ್ಟ.

"ಬಾಬಗ ಹೇಳ್ರಿ ಅಕ್ಕಾರ, ದಾರ ನೆಟ್ಟಗ ಐತಿ, ನಿಮ್ಮ ಫರಸಿ ಗೆರೀನ ಸೊಟ್ಟ ಹೊಂಟೈತಿ. ನಾ ಬಾಗಿಲದಾಗ ನಿಂತಾಗಿಂದ ನೋಡಾಕತ್ತೇನಿ."

ನಾನು ಹೇಳಲಿಲ್ಲ. ಆ ನೆಲ ಬಾಬನ ತಂದೆಯವರು ಹಾಕಿಸಿದ್ದು.

ಕೀಲಿ ಬೀಳುವ ಮೊದಲು ಗಂಡಹೆಂಡಿರಿಬ್ಬರೂ ಬೆಳಗಿನ ಬೆಳಕಿನಲ್ಲಿ ಫ್ಲ್ಯಾಟು ಫ್ಲ್ಯಾಟಿಗೆ ಹೋಗಿ ಫೋಟೋ ತೆಗೆದರು. ಸಿಮೆಂಟು ಕಲಸುವ ಘಮೇಲಾ ಎಂಬ ತಗಡಿನ ಬೋಗುಣಿ ಬೋರಲು ಹಾಕಿ ಅದರ ಮೇಲೆ ಕ್ಯಾಮೆರಾ ಇಡುವುದನ್ನು ನಾನೇ ಹೇಳಿಕೊಟ್ಟಿದ್ದೆ. ಶನಿವಾರ ಹಣಮಪ್ಪ ಪ್ರಿಂಟಿಗೆಂದು ಕ್ಯಾಮೆರಾದ ಮೆಮೊರಿ ಕಾರ್ಡು ತಂದುಕೊಟ್ಟ. ಕಂಪ್ಯೂಟರಿಗೆ ಹಾಕಿ ತೆರೆದೆ. ಗೆರೆಗಳು ನೆಟ್ಟಗಿದ್ದವು, ಬೆಳಕು ಚೆನ್ನಾಗಿತ್ತು. ಪ್ರತಿ ನೆಲದ ನಟ್ಟನಡುವೆ ಯಲ್ಲವ್ವ ನಿಂತಿದ್ದಳು.

ಪಡಸಾಲೆಯಲ್ಲಿ ಯಲ್ಲವ್ವ. ಅಡುಗೆಮನೆಯಲ್ಲಿ ಯಲ್ಲವ್ವ. ಬಚ್ಚಲಲ್ಲೂ ಯಲ್ಲವ್ವ. ಕೈ ಇಳಿಬಿಟ್ಟು, ಕಾಲು ಕೂಡಿಸಿ, ಹೆಗಲ ಮೇಲೆ ಸೆರಗು ಹೊದ್ದು, ಕ್ಯಾಮೆರಾವನ್ನೇ ನೋಡುತ್ತ. ಕೆಲವು ಕಡೆ ಟೈಮರ್ ಹಾಕಿ ಓಡಿಬಂದ ಹಣಮಪ್ಪನೂ ಪಕ್ಕಕ್ಕಿದ್ದ.

ನನ್ನ ತಲೆ ಕೆಟ್ಟಿತು. "ಅಲ್ಲೋ ಹಣಮಪ್ಪ, ಫರಸಿ ತೋರಸಾಕ ಹೊಂಟೀಯೋ, ಹೇಣ್ತೀನ್ ತೋರಸಾಕ ಹೊಂಟೀಯೋ?"

ಉತ್ತರ ಕೊಟ್ಟವಳು ಯಲ್ಲವ್ವ. "ಮನಷ್ಯಾರಿಲ್ಲದ ಫೋಟೋ ಎದಕ್ಕ್ರಿ ಅಕ್ಕಾರ? ಖಾಲಿ ಮನಿ ಫೋಟೋ ತಗದ್ರ ಭಣಭಣ ಅನ್ನೂದಿಲ್ಲೇನು? ಕಾಲೂ ಕಾಣೂ ಹಂಗ ನಿಂತೇನಿ, ನೋಡ್ರಿ ಬೇಕಾರ."

ಅವಳನ್ನು ಬಯ್ಯುವ ಹಾಗೂ ಇರಲಿಲ್ಲ. ಇದು ನಮ್ಮ ಜನರ ರೂಢಿ, ನನಗೆ ಗೊತ್ತಿಲ್ಲದ್ದೇನಲ್ಲ. ಸಾಂಕೋಲೆಯಲ್ಲಿ ನಮ್ಮ ಮನೆಗೆ ಟಿವಿ ಬಂದಾಗ ಅದರ ಫೋಟೋ ತೆಗೆಸಿದರು. ಅದರಲ್ಲಿ ಅಪ್ಪ, ಅವ್ವ, ನಾವು ಮಕ್ಕಳು, ಪಕ್ಕದ ಕೋಣೆಯವರು ಎಲ್ಲರೂ ಇದ್ದೇವೆ, ಟಿವಿ ಅರ್ಧ ಕಾಣುತ್ತದೆ. ಕಾಲು ಕತ್ತರಿಸಿಹೋದ ಫೋಟೋವನ್ನಂತೂ ಅವ್ವ ಗೋಡೆಗೆ ಹಾಕಲು ಬಿಡುತ್ತಿರಲಿಲ್ಲ. ಆದರೆ ಕೆಲಸ ಕೊಡುವವರಿಗೆ ಬೇಕಾದದ್ದು ನೆಲ. ಹೋಗಿ ಖಾಲಿ ನೆಲದ್ದು ತೆಗೆದು ತನ್ನಿ ಎಂದೆ. ಹಣಮಪ್ಪ ತಲೆ ಕೆಳಗೆ ಹಾಕಿದ.

"ಮುಂಜಾನೇನ ಕೀಲಿ ಹಾಕ್ಯಾರ್ರಿ."

ಬೇರೆ ದಾರಿ ಇರಲಿಲ್ಲ. ಯಲ್ಲವ್ವನನ್ನು ಕತ್ತರಿಸಿ ತೆಗೆಯಲು ನೋಡಿದೆ. ಅವಳ ಜೊತೆ ಅರ್ಧ ನೆಲವೂ ಹೋಗುತ್ತಿತ್ತು. ಇದ್ದ ಹಾಗೇ ಪ್ರಿಂಟ್ ಹಾಕಿದೆ, ಮನಸ್ಸು ಭಾರವಾಗಿತ್ತು.

ಭಾನುವಾರ ಕೊಂಕಣಿಯಲ್ಲಿ ಮಾತಾಡಲು ನಾನೂ ಅವರ ಜೊತೆ ಸಾಳಗಾಂವ್‌ಗೆ ಹೋದೆ. ಕಾರ್ಮೆಲಿನ್ ಬಾಯಿ ಜಗಲಿಯಲ್ಲಿ ಕುಳಿತಿದ್ದರು. ನಮಗಿಂತ ಮೊದಲೇ ಇಬ್ಬರು ಟೈಲ್ಸ್ ಮಿಸ್ತ್ರಿಗಳು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ದಪ್ಪ ಆಲ್ಬಮ್. ಮೊದಲನೆಯವನು ಒಂದು ದೊಡ್ಡ ಹೋಟೆಲಿನ ನೆಲ ತೋರಿಸಿದ. ಎಷ್ಟು ಹೊಳೆಯುತ್ತಿತ್ತೆಂದರೆ ಈ ಮನೆ ನಮಗೆ ಸಿಗುವುದಿಲ್ಲ ಅಂದುಕೊಂಡೆ. ಎರಡನೆಯವನು ತನ್ನ ಆಲ್ಬಮ್ ತೆರೆದ. ಅದರಲ್ಲೂ ಅದೇ ಹೋಟೆಲು, ಅದೇ ನೆಲ, ಅದೇ ಹೂಕುಂಡ.

ಕಾರ್ಮೆಲಿನ್ ಬಾಯಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ನೀವಿಬ್ಬರೂ ಜೊತೆಯಲ್ಲಿ ಹಾಕಿದಿರೋ?" ಎಂದು ಕೊಂಕಣಿಯಲ್ಲಿ ಕೇಳಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಫೋಟೋ ಯಾರು ಬೇಕಾದರೂ ತರಬಹುದು. ಕೆಲಸ ನಿಮ್ಮದೇ ಎಂದು ನಾನು ಹೇಗೆ ನಂಬಲಿ?" ಎಂದು ಅವರು ಹಣಮಪ್ಪನ ಕಡೆ ಕೈ ಚಾಚಿದರು.

ಹಣಮಪ್ಪ ಪ್ರಿಂಟುಗಳನ್ನು ಕೊಟ್ಟ. ಬಾಯಿ ಮೊದಲನೆಯದು ನೋಡಿದರು, ಎರಡನೆಯದು ನೋಡಿದರು, ಬಚ್ಚಲಿನದಕ್ಕೆ ಬಂದು ನಿಂತರು. ಕನ್ನಡಕದ ಮೇಲಿನಿಂದ ಮೆಟ್ಟಿಲ ಕಡೆ ನೋಡಿದರು. ಅಲ್ಲಿ ಯಲ್ಲವ್ವ ನಿಂತಿದ್ದಳು. ಕೈ ಇಳಿಬಿಟ್ಟು, ಕಾಲು ಕೂಡಿಸಿ, ಹೆಗಲ ಮೇಲೆ ಸೆರಗು ಹೊದ್ದು.

"ಹಿ ಕೋಣ್?" ಎಂದು ಕೇಳಿದರು. ಇವಳು ಯಾರು ಎಂದು.

ಹಣಮಪ್ಪನ ಹೆಂಡತಿ, ಅವನು ಕೂರಿಸಿದ ಪ್ರತಿ ಟೈಲ್ಸಿನ ಸಂದಿ ತುಂಬಿದವಳು ಇವಳೇ ಎಂದು ಹೇಳಿದೆ. ಬಾಯಿ ಉಳಿದ ಪ್ರಿಂಟುಗಳನ್ನೂ ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಎಲ್ಲದರಲ್ಲೂ ಯಲ್ಲವ್ವ, ಎಲ್ಲದರಲ್ಲೂ ಅವಳ ಕಾಲ ಕೆಳಗೆ ಅಂಚಿನಿಂದ ಅಂಚಿಗೆ ಹೋದ ನೆಟ್ಟನೆಯ ಗೆರೆ. ಅವರು ಒಂದು ಗೆರೆಯ ಮೇಲೆ ಉಗುರು ಇಟ್ಟು ಉದ್ದಕ್ಕೂ ಎಳೆದು ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

"ಈ ಕಾಲುಗಳನ್ನು ಯಾರ ಆಲ್ಬಮಿನಿಂದಲೂ ಕದ್ದು ತರಲು ಆಗುವುದಿಲ್ಲ. ನಾಳೆಯಿಂದ ಬರಲು ಹೇಳು."

ನಾನು ಅದನ್ನು ಕನ್ನಡದಲ್ಲಿ ಹೇಳಬೇಕಿತ್ತು. ಆದರೆ ಹೇಳುವ ಅಗತ್ಯವೇ ಬೀಳಲಿಲ್ಲ, ಹಣಮಪ್ಪ ಆಗಲೇ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಹಳೆಯ ನೆಲ ಅಳೆಯುತ್ತಿದ್ದ.

ಬಸ್ಸಿನಲ್ಲಿ ಮರಳುವಾಗ ಯಲ್ಲವ್ವ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು, "ಅಕ್ಕಾರ, ಖಾಲಿ ಫೋಟೋನ ತಗೀಬೇಕಿತ್ತೇನ್ರಿ?" ನಾನು ನಕ್ಕ ನಗುವಿಗೆ ಇಡೀ ಬಸ್ಸು ತಿರುಗಿ ನೋಡಿತು.

ಆ ಮನೆಯ ನೆಲ ನೋಡಲು ಬಂದವರಿಂದ ಮುಂದಿನ ಮನೆ, ಅಲ್ಲಿಂದ ಮುಂದಿನದು. ಗುತ್ತೇದಾರನ ಕೂಲಿ ಬಿಟ್ಟ ಹಣಮಪ್ಪ ತಾನೇ ನಾಲ್ಕು ಮಂದಿಗೆ ಕೆಲಸ ಕೊಡುವವನಾದ. ತಗಡಿನ ಶೆಡ್ಡು ತಪ್ಪಿ, ಸಾಳಗಾಂವ್‌ನಲ್ಲೇ ಗಟ್ಟಿ ಗೋಡೆಯ ಮನೆ ಹಿಡಿದರು. ಮೊದಲ ಕೆಲಸ ಮುಗಿದ ದಿನ ಅವನು ಅಂಗಡಿಗೆ ಬಂದು ನೀಲಿ ದಾರದ ಒಂದು ತುಂಡು ನನ್ನ ಕೈಗಿಟ್ಟ. ಅಂದಿನಿಂದ ದಾರ ತೋರಿಸದೆ ನಾನು ಒಂದು ಕ್ಯಾಮೆರಾವನ್ನೂ ಮಾರಲಿಲ್ಲ. ಬಾಬ ಕೂಡ ಗಿರಾಕಿಯನ್ನು ಕಾಗೆಯ ಕಡೆ ಎಳೆಯುವುದು ಬಿಟ್ಟು, ದಾರದ ಪಕ್ಕ ಮೊಣಕಾಲೂರಿ ಕೂರತೊಡಗಿದರು.

ಆಮೇಲೆ ಫೋನುಗಳ ಕಾಲ ಬಂತು. ಮೊದಲು ಅರ್ಧ ಕೌಂಟರ್, ಆಮೇಲೆ ಮುಕ್ಕಾಲು ಕೌಂಟರ್ ಫೋನಿನ ಕವರುಗಳಿಗೆ ಹೋಯಿತು. ಉಳಿದ ಸಣ್ಣ ಕ್ಯಾಮೆರಾಗಳನ್ನು ಕೊಟ್ಟುಬಿಡೋಣ ಎಂದು ಬಾಬ ಎಷ್ಟು ಸಲ ಹೇಳಿದರೋ. ಕೆಳಗಿನ ಒಂದು ಸಾಲು ನನಗೆ ಬಿಡಿ ಎಂದು ಜಗಳವಾಡಿ ಉಳಿಸಿಕೊಂಡೆ. ಸುಜಾತಾ, ಈಗ ಹುಡುಗಿಯರು ಕೇಳಿಕೊಂಡು ಬರುತ್ತಿರುವುದು ಆ ಸಾಲನ್ನೇ. ಹಳೆಯ ಮಾಲು ಎಂದು ಹಿಂಜರಿಯಬೇಡ. ಬ್ಯಾಟರಿ ಈಗಲೂ ಸಿಗುತ್ತದೆಯೇ, ಲೆನ್ಸು ಕರಕರ ಎನ್ನದೆ ಹೊರಗೆ ಬರುತ್ತದೆಯೇ, ಬಾಗಿಲ ಬಿಸಿಲಲ್ಲಿ ಪರದೆ ಕಾಣುತ್ತದೆಯೇ ನೋಡು. ಗಡಿಯಾರದ ಮುಳ್ಳು ನೋಡು. ದಾರ ಕೆಳಗಿನ ಡ್ರಾಯರಿನಲ್ಲಿದೆ.

ನಾನು ನಿವೃತ್ತಳಾಗುವ ತಿಂಗಳು ಕಾಯ್ತಾನ ಬಾಬ ಕೊನೆಗೂ ಅಂಗಡಿಯ ನೆಲ ಬದಲಿಸಲು ಒಪ್ಪಿದರು. ಗೆರೆ ಸೊಟ್ಟ ಹೋಗಿರುವುದು ಅವರಿಗೆ ಮೊದಲ ದಿನವೇ ತಿಳಿದಿತ್ತಂತೆ. ದಾರದ ಪಕ್ಕ ಕುಳಿತ ಮನುಷ್ಯನಿಗೆ ಕಾಣದೆ ಇರುತ್ತದೆಯೇ? ಹಣಮಪ್ಪ ತನ್ನದೇ ಟೆಂಪೋದಲ್ಲಿ, ತನ್ನ ಜನರನ್ನು ಕಟ್ಟಿಕೊಂಡು ಬಂದು ನೆಲ ಹಾಕಿದ. ಸಂದಿ ತುಂಬಿದವಳು ಯಲ್ಲವ್ವ. ಅದನ್ನು ಬೇರೆಯವರಿಗೆ ಬಿಟ್ಟುಕೊಡಲು ಅವಳು ಇಂದಿಗೂ ಒಪ್ಪುವುದಿಲ್ಲ.

ಕೊನೆಯ ದಿನ ಬಾಬ ನನ್ನ ಫೋಟೋ ತೆಗೆಯುತ್ತೇನೆಂದು ಬಾಗಿಲಲ್ಲಿ ನಿಂತು, ಹಳೆಯ ಚಟ ಬಿಡದೆ ಝೂಮ್ ಎಳೆದರು. ಅದರಲ್ಲಿ ನನ್ನ ಮುಖವೂ ಕೌಂಟರಿನ ಗಾಜೂ ಬಂದವು. ಯಲ್ಲವ್ವ ಅದನ್ನು ನೋಡಿ ತಲೆ ಅಲ್ಲಾಡಿಸಿದಳು.

"ಕಾಲ ಕಾಣವಲ್ವು. ಈ ಕಡೆ ಬರ್ರಿ ಅಕ್ಕಾರ, ಆ ಕೌಂಟರ್ ಬಿಟ್ಟು."

ಅಷ್ಟು ವರ್ಷ ಅಲ್ಲಿ ನಿಂತೇ ದುಡಿದೆ. ಗಿರಾಕಿಗಳು ಕಂಡದ್ದು ನನ್ನ ಸೊಂಟದಿಂದ ಮೇಲಿನ ಭಾಗ ಮಾತ್ರ. ಅವಳು ಕೈ ಹಿಡಿದು ಎಳೆದಳು, ನಾನು ಹೊರಗೆ ಬಂದು ಹೊಸ ನೆಲದ ನಡುವೆ ನಿಂತೆ. ಹಣಮಪ್ಪ ಚೀಲದಿಂದ ಅದೇ ಸಾಬೂನಿನ ಡಬ್ಬಿಯಂಥ ಕ್ಯಾಮೆರಾ ತೆಗೆದ. ಮೂಲೆಯ ಬಣ್ಣ ಸವೆದಿತ್ತು. ಘಮೇಲಾ ಬೋರಲು ಹಾಕಿ, ಅದರ ಮೇಲೆ ಇಟ್ಟು, ಒಂದು ಚೂರು ಝೂಮ್ ಎಳೆದು ಟೈಮರ್ ಒತ್ತಿದ.

"ಕಾಲ ಕೂಡಿಸಿ ನಿಂದರ್ರಿ ಅಕ್ಕಾರ."

ಕೂಡಿಸಿ ನಿಂತೆ. ಫೋಟೋದಲ್ಲಿ ಗೆರೆಗಳು ನೆಟ್ಟಗಿವೆ, ನನ್ನ ಎರಡೂ ಕಾಲು ಕಾಣುತ್ತವೆ. ಹಣಮಪ್ಪ ಹೊಸ ಗಿರಾಕಿಗಳಿಗೆ ಅದನ್ನೂ ತೋರಿಸುತ್ತಾನಂತೆ. ಉಳಿದ ಫೋಟೋಗಳಲ್ಲಿ ಯಲ್ಲವ್ವ ಇದ್ದಾಳೆ, ಇದರಲ್ಲಿ ನಿಂತ ಹೆಂಗಸು ಯಾರು ಎಂದು ಅವರು ಕೇಳುತ್ತಾರಂತೆ. ಯಲ್ಲವ್ವನೇ ಉತ್ತರ ಕೊಡುವುದು.

"ಅವರೂ ನಮ್ಮ ಕೆಲಸದಾಗಿನವರ. ನಮಗ ಕ್ಯಾಮೆರಾ ಆರಿಸಿ ಕೊಟ್ಟವರು."